ತೊಳೆದರೂ ಹೋಗದ ಹಸೆ

ಅಮ್ಮ ತೋಟದ ಕೆಲಸಕ್ಕೆ ಹೋಗುತ್ತಿದ್ದವಳು. ಊರಲ್ಲಿ ಮದುವೆಯಾದರೆ ಗೋಡೆಗೆ ಹಸೆಚಿತ್ತಾರ ಬರೆಯಲು ಅವಳನ್ನೇ ಕರೆಯುತ್ತಿದ್ದರು. ಕೆಮ್ಮಣ್ಣು ಬಳಿದ ಗೋಡೆಗೆ ಅಕ್ಕಿಹಿಟ್ಟಿನ ಬಿಳಿ, ಸೀದುಹೋಗುವಷ್ಟು ಹುರಿದ ಅಕ್ಕಿಯ ಕಪ್ಪು, ಕಾಡಿನ ಕಾಯಿಯ ಹಳದಿ. ಅಷ್ಟೇ ಬಣ್ಣ. ಅರೆದು ಸೋಸುವುದಕ್ಕೇ ಎರಡು ದಿನ ಬೇಕು. ಕೆಲಸ ತಪ್ಪಿಸಲಾಗದೆ ಎಷ್ಟೋ ಸಲ ಅವಳು ಬರುವುದಿಲ್ಲ ಎಂದುಬಿಡುತ್ತಿದ್ದಳು.

ನನಗೂ ತೋಟದ ಕೆಲಸವೇ, ಆದರೆ ಅವಳ ತಾಳ್ಮೆ ಇಲ್ಲ. ಜಯಪುರದ ಪುಸ್ತಕದಂಗಡಿಯಲ್ಲಿ ಅಕ್ರಿಲಿಕ್ ಬಣ್ಣದ ಟ್ಯೂಬುಗಳನ್ನು ಕಂಡ ದಿನವೇ ಕೊಂಡೆ. ನೀಲಿ, ಗುಲಾಬಿ, ಎಳೆಹಸಿರು. ಮುಚ್ಚಳ ತೆಗೆದರೆ ಆಯಿತು.

ಅಮ್ಮ ಬೆರಳಿಗೆ ನೀಲಿ ಹಚ್ಚಿಕೊಂಡು ಮೂಸಿದಳು. "ಇದು ತೊಳೆದರೆ ಹೋಗ್ತದಾ?"

"ಹೋಗೋದಿಲ್ಲ," ಎಂದೆ, ಹೆಮ್ಮೆಯಿಂದ.

ಕಿಗ್ಗದ ಹತ್ತಿರದ ಒಂದು ಮನೆಯ ದೊಡ್ಡ ಮಗಳ ಮದುವೆಗೆ ಅದರಲ್ಲೇ ಬರೆದೆ. ಫೋಟೋ ಮೊಬೈಲಿಂದ ಮೊಬೈಲಿಗೆ ಹೋಗಿ, ಕೊಪ್ಪದಿಂದ, ನರಸಿಂಹರಾಜಪುರದಿಂದ ಫೋನ್ ಬಂತು. ತೋಟದಿಂದ ಬಂದವಳೇ ಕುಂಚ ಹಿಡಿದು ಓಡುತ್ತಿದ್ದೆ.

ನಾಲ್ಕು ವರ್ಷದ ಮೇಲೆ ಆ ಮನೆಯ ಚಿಕ್ಕ ಮಗಳ ಮದುವೆ ಗೊತ್ತಾಯಿತು. ನನ್ನನ್ನು ಕರೆಯಲಿಲ್ಲ. ಕೂತಲ್ಲಿ ಕೂರಲಾಗದೆ ನಾನೇ ಬಸ್ ಹತ್ತಿ ಹೋದೆ.

"ನೀನು ಬರೆದದ್ದು ಇನ್ನೂ ಹೊಸದರ ಹಾಗೇ ಇದೆ ಮಾರಾಯ್ತಿ, ಮತ್ತೆ ಎಂತಕ್ಕೆ?" ಎಂದರು ಮನೆಯಮ್ಮ.

ನಿಜ. ಒಂದು ಚೂರೂ ಮಾಸಿರಲಿಲ್ಲ. ಮದುಮಗಳನ್ನು ಹೊತ್ತುಕೊಂಡು ಹೋಗುವ ದಂಡಿಗೆಯಲ್ಲಿ ಅವಳು ಕೂತ ಕಡೆ ನನ್ನ ಒಂದು ಗೆರೆ ಸೊಟ್ಟಗಿತ್ತು, ಅದೂ ಹಾಗೇ ಇತ್ತು. ಅಮ್ಮನ ಕಾಲದಲ್ಲಿ ಮತ್ತೆ ಕೆಮ್ಮಣ್ಣು ಬಳಿದಾಗ ತಪ್ಪೆಲ್ಲ ಅದರಡಿಗೆ ಹೋಗುತ್ತಿತ್ತು, ಹೊಸದಾಗಿ ಬರೆಯಲು ಕರೆಯೂ ಬರುತ್ತಿತ್ತು.

ಅಷ್ಟರಲ್ಲಿ ಚಿಕ್ಕ ಮಗಳೇ ಹೊರಗೆ ಬಂದಳು. "ಅದು ಅಕ್ಕನ ಮದುವೆಯದ್ದು. ನನಗೆ ಬೇರೆಯೇ ಬೇಕು," ಎಂದು ಜಗುಲಿಯ ಖಾಲಿ ಗೋಡೆ ತೋರಿಸಿದಳು. "ಆದರೆ ನಾನೇ ಬರೀತೇನೆ. ನೀವು ಹೇಳಿಕೊಡಿ."

ಪೆಟ್ಟಿಗೆಯ ತುಂಬ ಬಣ್ಣ ಅವಳ ಹತ್ತಿರವೇ ಇತ್ತು. ಮದುಮಗಳೇ ಕುಂಚ ಹಿಡಿದದ್ದನ್ನು ನಾನು ಎಲ್ಲೂ ನೋಡಿರಲಿಲ್ಲ. ದಂಡಿಗೆ ಬರೆಯುವುದು ಹೇಗೆಂದು ತೋರಿಸಿದೆ. ಅವಳು ಅಲ್ಲಿ ಸ್ಕೂಟರ್ ಬರೆದಳು.

"ನನ್ನನ್ನು ಯಾರು ಹೊರಬೇಕು? ನಾನೇ ಓಡಿಸಿಕೊಂಡು ಹೋಗ್ತೇನೆ!"

ಗೆರೆಗಳೆಲ್ಲ ನಡುಗುತ್ತಿದ್ದವು. ತಿದ್ದಬಾರದೆಂದು ಎರಡು ಸಲ ಅಂಗಳಕ್ಕೆ ಹೋಗಿ ಬಂದೆ. ಕಡೆಗೆ ಸುತ್ತಲಿನ ಅಂಚನ್ನಷ್ಟೇ ನಾನು ಬರೆದೆ.

ಮನೆಗೆ ಬಂದು ಹೇಳಿದರೆ ಅಮ್ಮ ಬಿದ್ದು ಬಿದ್ದು ನಕ್ಕಳು.

"ತಿದ್ದದೆ ಇದ್ದೆಯಾ ನೀನು?"

"ಒಂದು ಚಕ್ರ ತಿದ್ದಿದೆ," ಎಂದೆ.