ಸೊಸೆಗೆ ಫಿಟ್ಸ್ ಬರಲೆಂದು ಬೇಡಿಕೊಂಡ ಸಂಜೆ

ಭಕ್ತಬಂಧುಗಳೇ, 2008ರ ಶ್ರಾವಣದ ಒಂದು ಬೆಳಗ್ಗೆ ನನ್ನ ಸೊಸೆ ಶಿವಲೀಲಾ ಉರಿಯುವ ಒಲೆಯ ಮುಂದೆ ನಿಂತಲ್ಲೇ ಮರಗಟ್ಟಿಹೋದಳು. ಹಾಲು ಉಕ್ಕಿ ಹರಿಯುತ್ತಿತ್ತು. ಸೆರಗಿಗೆ ಬೆಂಕಿ ತಾಗುವುದರಲ್ಲಿತ್ತು. ನಾನು ಓಡಿ ಬಂದು ಎಳೆದುಕೊಂಡೆ. ಸ್ವಲ್ಪ ಹೊತ್ತಿಗೆ ಎಚ್ಚೆತ್ತವಳು, “ಅತ್ತಿ, ಏನಾತ್ರಿ?” ಎಂದು ನನ್ನನ್ನೇ ಕೇಳಿದಳು. ಧಾರವಾಡದ ಕಡೆಯ ಹುಡುಗಿ, ಚೊಚ್ಚಲ ಬಸುರಿ.

ಹೀಗಾಗಿದ್ದು ಅದೇ ಮೊದಲಲ್ಲ. ನೆಂಟರು ಗಾಳಿ ಸೋಕಿದೆ ಎಂದರು. ರಾಜಾಜಿನಗರದ ಡಾಕ್ಟರೊಬ್ಬರು ತಲೆಗೆ ವೈರು ಅಂಟಿಸಿ ಇಇಜಿ ತೆಗೆಸಿ, “ಎಲ್ಲಾ ನಾರ್ಮಲ್ಲಾಗಿದೆ, ಮನಸ್ಸಿನ ಒತ್ತಡ ಅಷ್ಟೆ” ಎಂದು ಕಳುಹಿಸಿದ್ದರು. ಆರ್‌ಪಿಸಿ ಲೇಔಟಿನ ನಮ್ಮ ಮನೆಯಲ್ಲಿ ಅವಳನ್ನು ಒಂಟಿಯಾಗಿ ಬಚ್ಚಲಿಗೂ ಬಿಡಲು ನನಗೆ ಭಯ.

ಕೊನೆಗೆ ನನ್ನ ಮಗ ಅವಳನ್ನು ದೊಡ್ಡ ಆಸ್ಪತ್ರೆಯ ನರರೋಗದ ಡಾಕ್ಟರ ಹತ್ತಿರ ಕರೆದೊಯ್ದ. ಅವರು ಮುಚ್ಚುಮರೆಯಿಲ್ಲದೆ ಹೇಳಿದರು: “ಇದು ಫಿಟ್ಸೇ ಆಗಿದ್ದು ಹಾಗೇ ಬಿಟ್ರೆ ತಾಯಿ, ಮಗು ಇಬ್ರಿಗೂ ಅಪಾಯ. ಫಿಟ್ಸ್ ಅಲ್ದೆ ಇದ್ರೆ, ಫಿಟ್ಸ್ ಮಾತ್ರೆ ಕೊಟ್ಟು ಮಗೂಗೆ ಯಾಕಮ್ಮ ತೊಂದ್ರೆ? ತಲೆಗೆ ವೈರು ಹಾಕಿರುವಾಗ ಬಂದ್ರೇನೇ ಗೊತ್ತಾಗೋದು, ಬಂದಾಗ್ಲೇ ಹಿಡೀಬೇಕು.”

ಮತ್ತೆ ತಲೆತುಂಬ ವೈರು. ಪಕ್ಕದಲ್ಲಿ ರಶ್ಮಿ ಎಂಬ ಹುಡುಗಿ ಕಂಪ್ಯೂಟರ್ ಇಟ್ಟುಕೊಂಡು ಕೂತಿದ್ದಳು. ಕೆಂಗೇರಿ ಕಡೆಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಸಂಶೋಧನೆ ಮಾಡುತ್ತಿದ್ದವಳು. “ಎಷ್ಟೋ ಪೇಷೆಂಟ್‌ಗಳ ಮೆದುಳಿನ ಅಲೆ ತೋರ್ಸಿ ಇದಕ್ಕೆ ಕಲಿಸಿದೀವಿ ಆಂಟಿ. ಫಿಟ್ಸ್ ಥರ ಕಂಡ್ರೆ ಕೂಗುತ್ತೆ” ಎಂದಳು. ಡಾಕ್ಟರು ನಕ್ಕು, “ಇನ್ನೂ ಪರೀಕ್ಷೆ ಹಂತದಲ್ಲಿದೆ. ಕೊನೇ ಮಾತು ನಂದೇ” ಎಂದರು.

ಶಿವಲೀಲಾ ಇಡ್ಲಿ ಅಗಿಯುವಾಗ ಅದು ಕೂಗಿತು. ಡಾಕ್ಟರು ನೋಡಿ, ದವಡೆ ಆಡಿದ್ದಕ್ಕೆ ಬಂದ ಗೆರೆ ಎಂದು ತಳ್ಳಿಹಾಕಿದರು. ಆಮೇಲೆ ಏನೂ ಇಲ್ಲ. ಸಂಜೆ ವೈರು ಬಿಚ್ಚುವ ಹೊತ್ತಾಯಿತು. ಈಗ ಬರದಿದ್ದರೆ ಫಿಟ್ಸೋ ಅಲ್ಲವೋ ತಿಳಿಯದೆಯೇ ಮನೆಗೆ ಹೋಗಬೇಕು. ಬರಬೇಡ, ಬರಬೇಡ ಎಂದು ಇಷ್ಟು ದಿನ ಬೇಡಿದ ಬಾಯಲ್ಲೇ, “ನಂಜುಂಡೇಶ್ವರಾ, ಬರಿಸಪ್ಪಾ, ಇವರ ಕಣ್ಣೆದುರೇ ಬರಿಸು” ಎಂದೆ. ಬಸುರಿಗೆ ಯಾವ ಅತ್ತೆ ಹೀಗೆ ಬೇಡಿಯಾಳು?

ಶಿವಲೀಲಾ ಕಿತ್ತಳೆ ತೊಳೆ ಬಾಯಿಗಿಟ್ಟಳು. ಕಂಪ್ಯೂಟರ್ ಕೂಗಿತು.

“ಮತ್ತೆ ತಿಂತಿದಾರೆ, ಅಷ್ಟೇ. ಬಿಚ್ಚಿ” ಎಂದರು ಡಾಕ್ಟರು.

ನಾನು ಅವಳ ಮುಖ ನೋಡಿದೆ. ತೊಳೆ ತುಟಿಯಲ್ಲೇ ಇತ್ತು. “ಸಾರ್, ಅವಳು ಅಗೀತಾ ಇಲ್ಲ!” ಎಂದು ಚೀರಿದೆ.

ರಶ್ಮಿ ಧಾವಿಸಿ, “ಶಿವಲೀಲಾ, ಇಲ್ನೋಡಿ, ನಿಮ್ಮ ಹೆಸರೇನು?” ಎಂದಳು. ಉತ್ತರವಿಲ್ಲ. ಡಾಕ್ಟರು ಪರದೆಯ ಮೇಲೆ ಬಗ್ಗಿದರು. ತಲೆಯ ಎಡಭಾಗದ ಗೆರೆಗಳು ಒಂದೇ ತಾಳದಲ್ಲಿ ಏಳುತ್ತಿದ್ದವು.

“ಫಿಟ್ಸೇ ಅಮ್ಮ. ಸಿಕ್ತು. ನೀವು ಹೇಳ್ದೆ ಇದ್ದಿದ್ರೆ ನಾನು ವೈರು ಬಿಚ್ಚಿಸಿಬಿಡ್ತಿದ್ದೆ” ಎಂದರು.

ನೆಲಕ್ಕೆ ಹಣೆ ಹಚ್ಚಿ ಅತ್ತುಬಿಟ್ಟೆ. ಎಚ್ಚೆತ್ತ ಶಿವಲೀಲಾ ಗಾಬರಿಯಿಂದ, “ಯಾಕ ಅಳಾಕತ್ತೀರಿ ಅತ್ತಿ? ನನಗೇನಾತು?” ಎಂದಳು.

“ಒಳ್ಳೇದಾಯ್ತು ಕಣೇ” ಎಂದೆ.

ಬಸುರಿಗೆ ಹೊಂದುವ ಮಾತ್ರೆ ಶುರುವಾಯಿತು. ಆಮೇಲೂ ಒಂದೆರಡು ಸಲ ಫಿಟ್ಸ್ ಬಂತು, ಸುಳ್ಳು ಹೇಳಲಾರೆ. ಮಾಘದಲ್ಲಿ ಹೆಣ್ಣುಮಗು ಹುಟ್ಟಿತು. ನರ್ಸಮ್ಮ ಮಗುವನ್ನು ನನ್ನ ಕೈಗಿತ್ತಾಗ ಅದು ಕೈಕಾಲು ಬಡಿದು ಜೋರಾಗಿ ಅತ್ತಿತು. ಭಕ್ತಬಂಧುಗಳೇ, ಯಂತ್ರ ಕೂಗಿದ್ದೂ ನಿಜ, ಡಾಕ್ಟರು ಕಂಡಿದ್ದೂ ನಿಜ. ಆ ಕ್ಷಣವನ್ನು ವೈರು ಬಿಚ್ಚುವ ಮೊದಲೇ ತಂದುಕೊಟ್ಟವನು ನನ್ನ ಸ್ವಾಮಿ. ಅವನಿಗೆ ಏನನ್ನು ಬೇಡುವುದಕ್ಕೂ ನನಗೀಗ ಅಂಜಿಕೆಯಿಲ್ಲ.