ಮಗಳ ಕೈಗೆ ಕತ್ತರಿ ಕೊಟ್ಟ ಮಾದೇವಿ

"ಆಯಿ, ಹಿಡಿಬ್ಯಾಡ! ಬೀಳ್ಲಿ ಬಿಡು!"

ಕೂಗಿದ್ದು ಏಳು ವರ್ಷದ ಸೃಷ್ಟಿ, ನನ್ನ ತಂಗಿ ಮಾದೇವಿಯ ಮಗಳು. ಟೇಬಲ್ಲಿನ ಅಂಚಿನಿಂದ ಕತ್ತರಿ ಜಾರಿತ್ತು. ಎದುರಿಗೆ ಕೂತಿದ್ದ ನಮ್ಮ ಅವ್ವ, ಅವಳ ಅಜ್ಜಿ, ಅದನ್ನು ಹಿಡಿಯಲು ಗಬಕ್ಕನೆ ಕೈ ಚಾಚಿದ್ದಳು. ಹುಡುಗಿ ಎರಡೂ ಕೈ ಎದೆಗೆ ಒತ್ತಿಕೊಂಡು, ಕಾಲು ಕುರ್ಚಿಯ ಮೇಲೆತ್ತಿಕೊಂಡು, ಕತ್ತರಿ ನೆಲಕ್ಕೆ ಬಿದ್ದು ಸುಮ್ಮನಾಗುವವರೆಗೆ ಕಾದಳು. ಆಮೇಲೆ ಇಳಿದು, ಹಿಡಿಕೆ ಹಿಡಿದು ಎತ್ತಿ, ಅಲಗು ಮುಚ್ಚಿ, ಟೇಬಲ್ಲಿನ ನಡುವೆ ಇಟ್ಟಳು.

ಅವ್ವನ ಕೈ ಗಾಳಿಯಲ್ಲೇ ಉಳಿದಿತ್ತು.

ಅಲ್ಲಿಗೆ ಬರುವ ಮೊದಲು ಏನಾಯಿತು ಅಂತ ಹೇಳಬೇಕು. ಕಳೆದ ದಸರಾ ರಜೆ. ನಾನು ಬೀದರದಿಂದ ಭಾಲ್ಕಿಗೆ ಹೋಗಿ, ತಮ್ಮನ ಮನೆಯಲ್ಲಿರುವ ಅವ್ವನನ್ನು ಕರೆದುಕೊಂಡು ಔರಾದಿಗೆ ಬಸ್ ಹತ್ತಿದ್ದೆ. ಮಾದೇವಿಯ ಮನೆ ಅಲ್ಲಿ. ಅವಳು ಕೌದಿ ಹೊಲಿಯುತ್ತಾಳೆ. ಜನ ಹಳೆ ಸೀರೆ, ಧೋತರ, ಮಕ್ಕಳ ಫ್ರಾಕು ತಂದುಕೊಟ್ಟರೆ ತುಂಡು ಮಾಡಿ, ಪದರದ ಮೇಲೆ ಪದರ ಜೋಡಿಸಿ ಹೊದಿಕೆ ಮಾಡಿಕೊಡುತ್ತಾಳೆ. ಈಗೀಗ ಆನ್‌ಲೈನ್ ಆರ್ಡರ್ ಕೂಡ ಬರುತ್ತವೆ. (ಬೆಂಗಳೂರಿನವರು ಅದಕ್ಕೆ ಕ್ವಿಲ್ಟ್ ಅನ್ನುತ್ತಾರೆ. ಅನ್ನಲಿ.)

ನಾವು ಬಾಗಿಲಿಗೆ ಬಂದಾಗ ಮಗಳು ಕತ್ತರಿ ಹಿಡಿದು ಬಟ್ಟೆ ಕತ್ತರಿಸುತ್ತಿದ್ದಳು. ತಾಯಿ ಪಕ್ಕದಲ್ಲಿ ಕೂತಿದ್ದಳು. ಅವ್ವ ಹೊಸ್ತಿಲಲ್ಲೇ ನಿಂತುಬಿಟ್ಟಳು.

"ಮಾದೇವಿ, ಬುದ್ಧಿ ನೆಟ್ಟಗ ಅದ ಇಲ್ಲ ನಿಂದು? ಕೂಸಿನ ಕೈಯಾಗ ಕತ್ರಿ ಕೊಟ್ಟೀದಿ! ಅದೂ ನೀನು?"

ಆ 'ನೀನು' ಯಾಕೆ ಬಂತು ಗೊತ್ತೇ?

ಮಾದೇವಿಗೆ ಎಡಗಣ್ಣಿಲ್ಲ. ಅವಳು ಐದು ವರ್ಷದವಳಿದ್ದಾಗ ಅವ್ವನೂ ಕೌದಿ ಹೊಲಿಯುತ್ತಿದ್ದಳು. ಒಂದು ದಿನ ಮಾದೇವಿ ಕತ್ತರಿ ಹಿಡಿದುಕೊಂಡು ಓಡಿದಳು, ಹೊಸ್ತಿಲು ಎಡವಿ ಬಿದ್ದಳು. ನಾನು ಸಾಲಿಯಿಂದ ಬಂದಾಗ ಮನೆಗೆ ಬೀಗ ಇತ್ತು. ದವಾಖಾನೆಗೆ ಹೋಗಿದ್ದಾರೆ ಅಂತ ಪಕ್ಕದವರು ಹೇಳಿದರು. ಕಣ್ಣು ಉಳಿಯಲಿಲ್ಲ.

ಅವ್ವ ಮತ್ತೆ ಕೌದಿ ಹೊಲಿಯಲಿಲ್ಲ. ಕತ್ತರಿ ಕಪಾಟು ಸೇರಿತು, ಚಾವಿ ಅವಳ ಸೊಂಟ ಸೇರಿತು. ನಾವು ಪೆನ್ಸಿಲ್ ಚೂಪು ಮಾಡಬೇಕಾದರೂ ಅಪ್ಪ ಬರುವವರೆಗೆ ಕಾಯಬೇಕಿತ್ತು. ಮಾದೇವಿ ದಾರವನ್ನು ಹಲ್ಲಿನಿಂದ ಕಡಿಯುತ್ತಲೇ ದೊಡ್ಡವಳಾದಳು. ಲಗ್ನವಾಗಿ ಔರಾದಿಗೆ ಬಂದಾಗ ಹಾಲಿನ ಪಾಕೀಟು ಕತ್ತರಿಸಲು ಹೇಳಿದರೂ ಅವಳ ಕೈ ನಡುಗುತ್ತಿತ್ತಂತೆ.

ನಮಗ್ಯಾರಿಗೂ ಅದು ವಿಚಿತ್ರ ಅನಿಸಲಿಲ್ಲ. ಒಂದು ಕಣ್ಣು ಹೋದ ಮನೆಯಲ್ಲಿ ಇನ್ನೇನು ಮಾಡುತ್ತಾರೆ, ಹೇಳಿ?

ಅವಳ ಕೈಯ ನಡುಕ ನಿಲ್ಲಿಸಿದ್ದು ಪಕ್ಕದ ಮನೆಯ ಶಾಹೀನ್ ಆಪಾ. ರಜಾಯಿ ಹೊಲಿಯುವ ಹೆಂಗಸು. ಮಾದೇವಿ ಹೆದರಿ ಎದ್ದಾಗಲೆಲ್ಲ ಕೈ ಹಿಡಿದು ಕೂರಿಸಿ, "ಪೈಲೆ ಬೈಠೋ, ಬಾದ್ ಮೆ ಡರ್ನಾ" ಅನ್ನುತ್ತಿದ್ದರಂತೆ. ಮೊದಲು ಕೂರು, ಹೆದರುವುದು ಆಮೇಲೆ. ಹಾಗೆ ಕೂತು ಕೂತು ತಂಗಿ ಕತ್ತರಿ ಹಿಡಿಯಲು ಕಲಿತಳು, ಕೌದಿ ಕಲಿತಳು.

ಆದರೆ ಮಗಳ ವಿಷಯ ಬಂದಾಗ? ಅವಳೂ ನಮ್ಮ ಅವ್ವನೇ ಆದಳು. ಕೆಲಸ ಮುಗಿದ ಕೂಡಲೇ ಕತ್ತರಿಗೆ ಬೀಗ. 'ಮುಟ್ಟೀದಿ ಅಂದ್ರ ನೋಡು' ಎಂಬ ಬೆದರಿಕೆ.

ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಸೃಷ್ಟಿ ಬಾಗಿಲ ಹಿಂದೆ ಸಿಕ್ಕಳು. ಕೈಯಲ್ಲಿ ಅವಳಪ್ಪ ದಾಡಿ ಮಾಡಿಕೊಳ್ಳುವ ಬ್ಲೇಡು. ಮುಂದೆ ಕೌದಿಯ ಚೂರುಗಳು. ಗೊಂಬೆಗೆ ಅಂಗಿ ಮಾಡುತ್ತಿದ್ದಳು. ಕೊಯ್ದುಕೊಂಡ ಬೆರಳನ್ನು ಲಂಗದೊಳಗೆ ಮುಚ್ಚಿಟ್ಟುಕೊಂಡಿದ್ದಳು.

"ರಕ್ತ ನೋಡಿ ನಾ ಹೆದರಲಿಲ್ಲ ಅಕ್ಕಾ," ಅಂದಳು ಮಾದೇವಿ. "ಕೂಸು ಇಷ್ಟು ಕೊಯ್ಕೊಂಡದ, ಆದ್ರ ಅಳವಲ್ದು. ಅವ್ವ ಬೈತಾಳಂತ ಬಾಯಿ ಮುಚ್ಕೊಂಡು ಕುಂತದ. ಅದು ನೋಡಿ ಹೆದರಿದೆ."

ಮರುದಿನವೇ ಪಾಠ ಶುರುವಾಯಿತು. ಹುಡುಗಿಯ ಕೈಗೆ ಹೊಂದುವ, ತುದಿ ಮೊಂಡಾದ ಸಣ್ಣ ಕತ್ತರಿ ಬಂತು. ಮೊದಲು ಬರೀ ಕಾಗದ. ನಂತರ ದಪ್ಪ ಹತ್ತಿಬಟ್ಟೆ. ಜಾರುವ ಸೀರೆಗೆ ಇನ್ನೂ ಸಮಯವಿದೆ. ಕತ್ತರಿಸುವುದು ಕೂತುಕೊಂಡು ಮಾತ್ರ, ತಾಯಿ ಪಕ್ಕದಲ್ಲಿದ್ದಾಗ ಮಾತ್ರ. ಬಟ್ಟೆ ಹಿಡಿದ ಕೈ ಅಲಗಿನ ದಾರಿಯಲ್ಲಿ ಇರಬಾರದು. ಇನ್ನೊಬ್ಬರಿಗೆ ಕೊಡುವಾಗ ಅಲಗು ಮುಚ್ಚಿ, ಹಿಡಿಕೆ ಅವರ ಕಡೆಗೆ. ಬಿದ್ದರೆ ಬೀಳಲಿ, ಹಿಡಿಯಬಾರದು. ಕೈ ಕೊಯ್ದರೆ? ಕೂಡಲೇ ಹೇಳಬೇಕು, ಯಾರೂ ಬೈಯುವುದಿಲ್ಲ.

ಬಟ್ಟೆಯ ಮೇಲೆ ಉರುಳಿಸಿ ಕತ್ತರಿಸುವ ಚಕ್ರದಂಥ ಕಟರ್ ಒಂದಿದೆ. ಅದು ಬೀಗದಲ್ಲೇ ಇದೆ. ಯಾಕೆ ಅಂತ ಸೃಷ್ಟಿಯನ್ನೇ ಕೇಳಿದೆ.

"ಅದು ಭಾಳ ಚೂಪ್ ಅದ ದೊಡ್ಡವ್ವ. ಕೊಯ್ದಿದ್ದು ಗೊತ್ತೇ ಆಗಂಗಿಲ್ಲ. ನಾ ದೊಡ್ಡಾಕಿ ಆದಮ್ಯಾಗ."

ಇಷ್ಟೆಲ್ಲ ಕೇಳಿದರೂ ಅವ್ವನ ಸಿಟ್ಟು ಇಳಿದಿರಲಿಲ್ಲ. "ನನ್ನ ಕಣ್ಣ ಮುಂದರೆ ಬ್ಯಾಡ. ತೆಗ್ದಿಡು," ಅಂದಳು.

"ಇಲ್ಲ ಅವ್ವ," ಅಂದಳು ಮಾದೇವಿ, ಮೆಲ್ಲಗೆ. "ನೀ ಮುಚ್ಚಿಟ್ಟಿ. ನನ್ನ ಕಣ್ಣೇನು ಬರಲಿಲ್ಲ. ಕೈ ಮಾತ್ರ ಹೋಯ್ತು. ಎಷ್ಟೋ ವರ್ಷ ನನಗ ಕೈನೂ ಇರಲಿಲ್ಲ."

ಅವ್ವ ಎದುರಿಗಿದ್ದ ಕುರ್ಚಿಯಲ್ಲಿ ಕುಸಿದು ಕೂತಳು. ಸೃಷ್ಟಿಗೆ ಏನು ತಿಳಿಯಿತೋ, ಕತ್ತರಿಯನ್ನು ಅವಸರದಲ್ಲಿ ಅಂಚಿಗೆ ಇಟ್ಟಳು. ಅದು ಜಾರಿತು. ಅವಳು ಕೂಗಿದ್ದು ಆಗಲೇ.

ಅವ್ವ ಚಾಚಿದ ಕೈಯನ್ನು ಮಡಿಲಿಗೆ ತಂದುಕೊಂಡಳು. ಮೊಮ್ಮಗಳನ್ನು ನೋಡಿದಳು. ನಂತರ ಮಾದೇವಿಯ ಮುಖವನ್ನು ನೇರವಾಗಿ, ಬಹಳ ಹೊತ್ತು ನೋಡಿದಳು. ನಮ್ಮ ಮನೆಯಲ್ಲಿ ಯಾರೂ ಆ ಮುಖವನ್ನು ಹಾಗೆ ನೋಡಿದವರಲ್ಲ. ಎಡಗಡೆ ಬಂದರೆ ನಮ್ಮ ದೃಷ್ಟಿ ಬೇರೆಲ್ಲೋ ಹೋಗುತ್ತದೆ.

"ಅವತ್ತ ನೀ ಕತ್ರಿ ಆಟಕ್ಕ ತಗೊಂಡಿರಲಿಲ್ಲ," ಅಂದಳು ಅವ್ವ. "ನಾನೇ ಒಳಗಿಂದ ಕೂಗಿದ್ದೆ. ಮಾದೇವಿ, ಕತ್ರಿ ತಾ, ಲಗೂ ಬಾ ಅಂದಿದ್ದೆ. ಯಾರಿಗೂ ಹೇಳಲಿಲ್ಲ. ನಿಮ್ಮಪ್ಪಗೂ."

ಆ ಚಾವಿಯನ್ನು ಅವ್ವ ಇಷ್ಟು ವರ್ಷ ಸೊಂಟದಲ್ಲಿ ಕಟ್ಟಿಕೊಂಡದ್ದು ನಮ್ಮನ್ನು ಕಾಯಲು ಮಾತ್ರವೇ?

ಮಾದೇವಿ ಅಳಲಿಲ್ಲ. ಅವ್ವನ ಕೈ ಹಿಡಿದುಕೊಂಡಳು.

"ನನಗ ಗೊತ್ತದ ಅವ್ವ. ನನಗ ನೆನಪದ."

"ಮತ್ತ ಒಂದು ದಿನರೆ ಅನ್ನಲಿಲ್ಲಲ್ಲ?"

"ಏನಂತ ಅನ್ಲಿ? ನೀ ಕೌದಿ ಬಿಟ್ಟಿದ್ದು ನೋಡಿದ್ದೆನಲ್ಲ."

ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಕತ್ತರಿ ಮುಟ್ಟಲಿಲ್ಲ. ಆದರೆ ಕುರ್ಚಿಯನ್ನು ಎಳೆದುಕೊಂಡು ಮೊಮ್ಮಗಳ ಪಕ್ಕಕ್ಕೆ ಬಂದಳು. ಸೃಷ್ಟಿ ಮತ್ತೆ ಬಟ್ಟೆ ಹಿಡಿದಳು. ಗೆರೆ ಸೊಟ್ಟಗಾಯಿತು. ಯಾರೂ ತಿದ್ದಲಿಲ್ಲ. ಆ ತುಂಡು ಮುಗಿದಾಗ ಅವ್ವ ಕೇಳಿದಳು, "ಇನ್ನೊಂದು ಯಾವ ಬಣ್ಣದ್ದು ತಗೋತಿ?"

ಭಾಲ್ಕಿಗೆ ಮರಳುವ ಬಸ್ಸಿನಲ್ಲಿ ಅವ್ವ ಕಿಟಕಿಗೆ ತಲೆಯಿಟ್ಟು ಮಲಗಿದಳು. ನನಗೆ ನಿದ್ದೆ ಬರಲಿಲ್ಲ. ಮಕ್ಕಳಿಗೆ ನಾವು ದಿನಕ್ಕೆ ಎಷ್ಟು ಸಲ 'ಮುಟ್ಟಬೇಡ' ಅನ್ನುತ್ತೇವೆ? ಚಾಕು ಮುಟ್ಟಬೇಡ, ಸೂಜಿ ಮುಟ್ಟಬೇಡ, ಸ್ಟವ್ ಮುಟ್ಟಬೇಡ. ಕೆಲವನ್ನು ಬೀಗದಲ್ಲಿ ಇಡಲೇಬೇಕು, ಸರಿ. ಆದರೆ ಉಳಿದವು? 'ಮುಟ್ಟಬೇಡ' ಅನ್ನುವುದು ಸುಲಭ, ಅಂದು ಫೋನ್ ನೋಡುತ್ತಾ ಕೂರಬಹುದು. ತೋರಿಸಿಕೊಡಬೇಕೆಂದರೆ ಫೋನ್ ಕೆಳಗಿಡಬೇಕು, ಒಲೆ ಆರಿಸಬೇಕು, 'ಲಗೂ ಬಾ' ಅನ್ನುವುದನ್ನು ನಿಲ್ಲಿಸಬೇಕು.

ಕತ್ತರಿ ಎಲ್ಲರ ಮನೆಯಲ್ಲೂ ಇದೆ. ಮಗುವಿನ ಪಕ್ಕದಲ್ಲಿ ಕೂರಲು ಯಾರಿದ್ದೇವೆ?