ಮಾಳಿಗೆಯ ಫರ್ಸಿ ಮತ್ತು ಕಾಕಾರ ಕಾಲು

ಮಾಳಿಗೆಯ ಮೇಲೆ ಒಣಗಲು ಹಾಕಿದ ಕೆಂಪು ಮೆಣಸಿನಕಾಯಿಯ ಘಾಟು ಕೆಳಗಿನ ಪಡಸಾಲೆಗೂ ಇಳಿದು ಬಂದಿತ್ತು. ಊಟ ಮುಗಿಸಿ ಕೂತಿದ್ದ ನಾನು ಸೀನತೊಡಗಿದೆ. "ಸೀನಕೋತ ಕುಂದ್ರೂ ಬದಲಿ ಮ್ಯಾಲ ಹೋಗಿ ಒಂದೀಟು ತಿರುವಿ ಬರ್ರಿ" ಎಂದಳು ಹೆಂಡತಿ. ನನಗೂ ಸಕ್ಕರೆ ಕಾಯಿಲೆ ಗಂಟುಬಿದ್ದ ಮೇಲೆ ಮನೆಯ ಕೆಲಸಗಳೆಲ್ಲ ವ್ಯಾಯಾಮದ ಹೆಸರಿನಲ್ಲಿ ನನ್ನ ಪಾಲಿಗೇ ಬರುತ್ತವೆ. ಬರಿಗಾಲಿನಲ್ಲೇ ಮೆಟ್ಟಿಲು ಹತ್ತಿದೆ. ಕೊನೆಯ ಮೆಟ್ಟಿಲಿನಲ್ಲಿ ಕಾಲು ತಡೆಯಿತು. ಎದುರಿಗೆ ಬಿಸಿಲಿಗೆ ಕಾದ ಫರ್ಸಿ ಕಲ್ಲಿನ ಹಾಸು. ಕಾಕಾ ನಡೆದದ್ದು ಇದರ ಮೇಲೆಯೇ.

ಬೇಸಿಗೆಯಲ್ಲಿ ಶಹಾಬಾದಕ್ಕೆ ಬಂದವರಾದರೆ ನಿಮಗೆ ಹೆಚ್ಚು ಹೇಳಬೇಕಾಗಿಲ್ಲ. ನಮ್ಮಲ್ಲಿ ನೆಲವೂ ಕಲ್ಲು, ಕಟ್ಟೆಯೂ ಕಲ್ಲು, ಮಾಳಿಗೆಯೂ ಕಲ್ಲು. ಹಗಲೆಲ್ಲ ಬಿಸಿಲು ಕುಡಿದ ಫರ್ಸಿ ಹೊತ್ತು ಮುಳುಗಿದ ಮೇಲೂ ಆರುವುದಿಲ್ಲ. ಪರ ಊರಿನ ಬೀಗರು ಅದರ ಮೇಲೆ ಕಾಲಿಟ್ಟು ಕುಣಿಯುವುದನ್ನು ನೋಡಿ ನಗುವುದು ನಮಗೊಂದು ಮೋಜು.

ಕಾಕಾ ಎಂದರೆ ನನ್ನ ತಂದೆಯ ತಮ್ಮ; ಭಂಕೂರದ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಅವರು, ಅವರ ಹೆಂಡತಿ ಕಾಕು, ನಾವು, ಎಲ್ಲರೂ ಇದೇ ಮನೆಯಲ್ಲಿ. ಬಹಳ ವರ್ಷಗಳ ಸಕ್ಕರೆ ಕಾಯಿಲೆ ಅವರದು. ನಾಲ್ಕು ಗಂಟೆಗೆ ಸಪ್ಪೆ ಚಹಾವನ್ನು ಬಯ್ಯುತ್ತಲೇ ಕುಡಿದು, ಬಾಯಲ್ಲಿ ಜಪ ಮಾಡುತ್ತ ಸ್ಟೇಷನ್ನಿನವರೆಗೆ ನಡೆದು ಬರುತ್ತಿದ್ದರು. "ನನ್ನ ಬದುಕಿಸಿದ್ದು ಮುಕ್ಕಾಲು ಗುಳಿಗಿ, ಉಳದದ್ದು ಕಾಲು" ಎಂದು ತಮ್ಮ ಲೆಕ್ಕಕ್ಕೆ ತಾವೇ ನಗುತ್ತಿದ್ದರು.

ಆಮೇಲೆ ಕೊರೋನಾ ಬಂತು. ವಯಸ್ಸಾದವರು, ಸಕ್ಕರೆ ಕಾಯಿಲೆಯವರು ಮನೆ ಬಿಟ್ಟು ಬರಬೇಡಿ ಎಂದು ಟಿವಿ ದಿನವಿಡೀ ಹೆದರಿಸುತ್ತಿತ್ತು. "ನನ್ನ ಹೆಸರೊಂದು ಹೇಳೂದು ಬಿಟ್ಟಾರ ನೋಡು" ಎಂದರು ಕಾಕಾ. ಕಾಕು ಮೊದಲೇ ಮಡಿಯವರು. ಈಗ ಅವರ ಮಡಿಗೆ ಸರಕಾರವೇ ಬೆಂಬಲ ಕೊಟ್ಟಂತಾಯಿತು. ಕಾಯಿಪಲ್ಯೆಯಿಂದ ಹಿಡಿದು ಹಾಲಿನ ಪಾಕೀಟಿನವರೆಗೆ ಎಲ್ಲವನ್ನೂ ತೊಳೆದರು. ಚಪ್ಪಲಿಗಳಂತೂ ಹೊಸ್ತಿಲ ಆಚೆಗೇ. ಮಾಳಿಗೆಯ ಮೆಟ್ಟಿಲು ಇರುವುದು ದೇವರ ಮನೆಯ ಮಗ್ಗುಲಿಗೆ, ಆದ್ದರಿಂದ ಚಪ್ಪಲಿ ಮೆಟ್ಟಿ ಮೇಲೆ ಹೋಗುವ ಮಾತೇ ಇರಲಿಲ್ಲ. ಸ್ಟೇಷನ್ನಿನ ದಾರಿ ಬಂದ್ ಆದ ಕಾಕಾ ಅದೇ ನಾಲ್ಕು ಗಂಟೆಗೆ ಬರಿಗಾಲಿನಲ್ಲಿ ಮಾಳಿಗೆ ಹತ್ತಿದರು.

"ಕಾಕಾ, ಕಾಲು ಸುಡ್ತಾವ್ರಿ, ಕೆಳಗ ಬರ್ರಿ."

"ಏ, ಸುಡೂದು ನಿನಗ. ನನಗೇನೂ ಹತ್ತೂದಿಲ್ಲ. ಗಾದಿ ಮ್ಯಾಲ ನಡದಂಗ ಅದ."

ನಾವು ಹೆಮ್ಮೆಪಟ್ಟೆವು ನೋಡಿ! ಕಾಕು ಗೋಡೆಯಾಚೆಯ ನೆರೆಯವರಿಗೆ, "ನಮ್ಮವರ ಜಪದ ಶಕ್ತಿ ಭಾಳ ಅದ" ಎಂದು ಹೇಳಿಕೊಂಡರು. ನಾನು ಫೋನಿನಲ್ಲಿ ಸೇಡಂನ ತಂಗಿಯ ಮುಂದೆ ಕೊಚ್ಚಿಕೊಂಡೆ. ಬಿಸಿ ಯಾವುದು, ತಂಪು ಯಾವುದು ಎಂದು ತಿಳಿಯುವ ಶಕ್ತಿಯನ್ನೇ ಸಕ್ಕರೆ ಆ ಪಾದಗಳಿಂದ ಕಿತ್ತುಕೊಂಡಿದೆ ಎಂದು ಯಾರಿಗೂ ಹೊಳೆಯಲಿಲ್ಲ.

ಒಂದು ಬೆಳಿಗ್ಗೆ ನೆಲ ಒರೆಸುತ್ತಿದ್ದ ಕಾಕು, "ಕುಂಕುಮ ತುಳದು ಮನಿತುಂಬ ಅಡ್ಡಾಡಿದವ್ರು ಯಾರು?" ಎಂದು ಕೂಗಿದರು. ಕೆಂಪು ಗುರುತುಗಳು ಕಾಕಾರ ಮಂಚದವರೆಗೆ ಹೋಗಿದ್ದವು. ಬಲಗಾಲು ಎತ್ತಿ ನೋಡಿದರೆ ಅಂಗಾಲಿನ ಗುಳ್ಳೆಗಳು ಒಡೆದು ಚರ್ಮ ಕಿತ್ತು ಬಂದಿತ್ತು. ಕಾಕಾ ಅದನ್ನು ಬೇರೆ ಯಾರದೋ ಕಾಲೆನ್ನುವಂತೆ ನೋಡಿದರು.

"ದವಾಖಾನಿಗೆ ಹೋಗೂಣ್ರಿ" ಎಂದೆ.

"ಬ್ಯಾಡಪಾ. ಹೋದವ್ರು ತಿರುಗಿ ಬರ್ಲಿಕತ್ತಿಲ್ಲ. ನೋವೇ ಇಲ್ಲಂದ ಮ್ಯಾಲ ಗಾಯ ಎಂಥಾದ್ದು?"

ಅವರ ಭಯ ಸುಳ್ಳೇನಲ್ಲ. ನಮ್ಮ ಓಣಿಯಿಂದ ಹೋದ ಇಬ್ಬರು ಮರಳಿರಲಿಲ್ಲ, ಇಬ್ಬರೂ ಸಕ್ಕರೆ ಕಾಯಿಲೆಯವರೇ. ಅರಿಶಿನ, ಕೊಬ್ಬರಿ ಎಣ್ಣೆ ಹಚ್ಚುತ್ತ ಕೂತೆವು. ಕೋಣೆಯಲ್ಲಿ ವಾಸನೆ ಎದ್ದ ಮೇಲೆ ಕಲಬುರಗಿಗೆ ಒಯ್ದೆವು. ಮೊಣಕಾಲಿನ ಕೆಳಗೆ ಕಾಲು ತೆಗೆದರು. ಕೊರೋನಾ ಮಾತ್ರ ನಮ್ಮ ಹೊಸ್ತಿಲು ದಾಟಲೇ ಇಲ್ಲ.

ಮನೆಗೆ ಬಂದ ದಿನ ಕಾಕಾ ನನ್ನನ್ನು ಹತ್ತಿರ ಕರೆದು, "ಒಂದರಾಗ ಕಾಲು ಕಳದ್ರ ಎಷ್ಟೋ?" ಎಂದು ಕೇಳಿದರು. ನಾನು ಅವರ ಬೆನ್ನಿಗೆ ದಿಂಬು ಸರಿಸಿದೆ. ಆಮೇಲೆ ಒಂದು ವಿಚಿತ್ರ ಶುರುವಾಯಿತು. ಇಲ್ಲದ ಪಾದ ಉರಿಯುತ್ತದೆ ಎಂದು ಅವರು ಒದ್ದಾಡುತ್ತಿದ್ದರು. "ಇದ್ದಾಗ ಸುಡ್ಲಿಲ್ಲ, ಹೋದ ಮ್ಯಾಲ ಸುಡ್ಲಿಕತ್ತದಲ್ಲೇ" ಎಂದು ಕಾಕುವಿನ ಕೈ ಹಿಡಿಯುತ್ತಿದ್ದರು. ಕಾಕು ತಣ್ಣೀರಿನಲ್ಲಿ ಬಟ್ಟೆ ಹಿಂಡಿ, ಹಾಸಿಗೆಯ ಮೇಲೆ ಪಾದ ಇರಬೇಕಾಗಿದ್ದ ಜಾಗದಲ್ಲಿ ಇಡುತ್ತಿದ್ದರು. ಇಟ್ಟು, ಮುಖ ಆಚೆ ತಿರುಗಿಸಿಕೊಳ್ಳುತ್ತಿದ್ದರು. ಮುಂದಿನ ಬೇಸಿಗೆ ಬರುವ ಮೊದಲೇ ಕಾಕಾ ತೀರಿಕೊಂಡರು.

ಇವತ್ತು ಮೆಣಸಿನಕಾಯಿಯ ಮುಂದೆ ನಿಂತು, ಪರೀಕ್ಷೆಗೆ ಕೂತ ಹುಡುಗನ ಪುಕ್ಕಲುತನದಿಂದ ಎಡಗಾಲನ್ನು ಫರ್ಸಿಯ ಮೇಲಿಟ್ಟೆ. ಚುರ್ ಎಂದಿತು. ಜೀವ ಹಗುರಾಯಿತು. ಆಮೇಲೆ ಬಲಗಾಲು ಇಟ್ಟೆ. ಕಾದೆ. ಇನ್ನಷ್ಟು ಹೊತ್ತು ಕಾದೆ.

ಬೆನ್ನ ಹಿಂದೆ ಏದುಸಿರು ಕೇಳಿಸಿತು. ಕಾಕು ಮಡಿಸೀರೆಯಲ್ಲೇ ಮೆಟ್ಟಿಲು ಹತ್ತಿ ಬಂದಿದ್ದರು. ಕೈಯಲ್ಲಿ ನನ್ನ ಚಪ್ಪಲಿಗಳು; ಹೊಸ್ತಿಲ ಆಚೆಯಿಂದ ಎತ್ತಿ, ದೇವರ ಮನೆಯ ಮಗ್ಗುಲಲ್ಲೇ ಹಾದು ತಂದಿದ್ದರು. ಬಗ್ಗಿ ನನ್ನ ಕಾಲ ಮುಂದೆ ಇಟ್ಟರು.

"ಸುಡ್ತದಿಲ್ಲೋ?" ಎಂದರು.

"ಸುಡ್ತದ, ಕಾಕು" ಎಂದೆ.

ಎಡಗಾಲಿನ ಮಟ್ಟಿಗೆ ಅದು ನಿಜ.